ಜಂಗಮಕೋಟೆಗೆ ಬಂದ ಶ್ರೋಡಿಂಗರ್

ಶಿಡ್ಲಘಟ್ಟದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡಿದ್ದ ಭಾನುಪ್ರಕಾಶನಿಗೆ ತಾನು ಜನರನ್ನು ನಗಿಸಬಲ್ಲೆ ಎಂಬ ಗಟ್ಟಿ ನಂಬಿಕೆ ಇತ್ತು. ಆ ನಂಬಿಕೆಯಲ್ಲಿ ಅವನಿಗೆ ಜೊತೆಗಾರರು ಯಾರೂ ಇರಲಿಲ್ಲ.

ಹೊಟ್ಟೆಪಾಡಿಗೆ ಅವನು ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸು, ನಾಮಕರಣದ ಬ್ಯಾನರು, ಶ್ರದ್ಧಾಂಜಲಿಯ ಬೋರ್ಡು ಮಾಡುತ್ತಿದ್ದ. ಆತ್ಮಸಂತೋಷಕ್ಕೆ ವಿಜ್ಞಾನದ ಕಾಮಿಕ್ಸ್ ಬರೆಯುತ್ತಿದ್ದ. ಬಿ.ಎಸ್ಸಿ.ಯನ್ನು ಎರಡನೇ ವರ್ಷಕ್ಕೇ ಬಿಟ್ಟವನಾದ್ದರಿಂದ ವಿಜ್ಞಾನದ ಮೇಲೆ ಅವನಿಗೆ ಕೈಗೂಡದ ಸಂಬಂಧದ ಮೇಲಿರುವಂಥ ಸೆಳೆತವಿತ್ತು. ಒಂದರ ಕೆಳಗೊಂದು ನಾಲ್ಕು ಚೌಕ. ಮೊದಲ ಮೂರರಲ್ಲಿ ಮಾತು, ನಾಲ್ಕನೆಯದರಲ್ಲಿ ನಗು. ಎರಡು ಎಲೆಕ್ಟ್ರಾನುಗಳು ಒಂದೇ ಬಸ್ ಸೀಟಿಗೆ ಟವೆಲ್ ಹಾಕಿ ಜಗಳವಾಡುವುದು, ಗುರುತ್ವಾಕರ್ಷಣೆಯು ಸ್ಕಂದಗಿರಿ ಹತ್ತುವವರ ಕಾಲು ಹಿಡಿದುಕೊಂಡು ‘ಯಾಕೆ ಸ್ವಾಮಿ ನನ್ನ ಬಿಟ್ಟು ಹೋಗ್ತೀರಿ’ ಎಂದು ಅಳುವುದು, ಇಂಥವು. ‘ನಾಲ್ಕು ಚೌಕದ ವಿಜ್ಞಾನ’ ಎಂಬ ಹೆಸರಿಟ್ಟು, ಪ್ರತಿ ಚೌಕದ ಮೂಲೆಯಲ್ಲೂ ಅಂಗಡಿಯ ಫೋನ್ ನಂಬರ್ ಹಾಕಿ, ಇನ್‌ಸ್ಟಾಗ್ರಾಮಿಗೂ ವಾಟ್ಸಾಪ್ ಸ್ಟೇಟಸ್ಸಿಗೂ ಏರಿಸುತ್ತಿದ್ದ. ತಪ್ಪದೆ ಲೈಕ್ ಒತ್ತುತ್ತಿದ್ದವನು ಗೌರಿಬಿದನೂರಿನ ಟ್ರ್ಯಾಕ್ಟರ್ ಏಜೆಂಟ್ ಒಬ್ಬನೇ. ಅವನು ಶ್ರದ್ಧಾಂಜಲಿ ಬೋರ್ಡುಗಳಿಗೂ ಲೈಕ್ ಒತ್ತುವ ಉದಾರಿ.

ಹೆಂಡತಿ ತನುಜ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಗಂಡ ಜೋಕು ತೋರಿಸಿ, ಆಮೇಲೆ ಕಾಗದ ಪೆನ್ನು ತೆಗೆದುಕೊಂಡು ಅದರ ಅರ್ಥ ಬಿಡಿಸಿ ಹೇಳುವಾಗ ಅವಳು ಸಮಾಧಾನದಿಂದ ಕೇಳುತ್ತಿದ್ದಳು. ಒಮ್ಮೆ ಮಾತ್ರ, “ಜೋಕ್ ಆದ್ಮೇಲೆ ಪಾಠ ಮಾಡ್ಬೇಕು ಅಂದ್ರೆ ಅದು ಜೋಕಲ್ಲ ಕಣ್ರಿ, ಟ್ಯೂಷನ್ನು” ಎಂದಿದ್ದಳು. ಭಾನುಪ್ರಕಾಶ ಇದನ್ನು ಮೆಚ್ಚುಗೆಯೆಂದೇ ತಿಳಿದಿದ್ದ.

ಒಂದು ಭಾನುವಾರ ಸಂಜೆ ಅವನಿಗೆ ಶ್ರೋಡಿಂಗರನ ಬೆಕ್ಕು ನೆನಪಾಯಿತು. ಮುಚ್ಚಿದ ಪೆಟ್ಟಿಗೆಯೊಳಗಿನ ಬೆಕ್ಕು, ತೆರೆದು ನೋಡುವವರೆಗೂ ಬದುಕೂ ಇದೆ ಸತ್ತೂ ಇದೆ ಎಂದು ಹೇಳಬೇಕಾಗುತ್ತದೆ ಎಂಬ ಭೌತಶಾಸ್ತ್ರದ ಪ್ರಸಿದ್ಧ ತಕರಾರು ಅದು. ನಮ್ಮ ಕಡೆಯವರಿಗೆ ಬೆಕ್ಕು ಯಾಕೆ ಎಂದುಕೊಂಡು ಬೆಕ್ಕು ತೆಗೆದು ರೇಷ್ಮೆ ಹುಳು ಹಾಕಿದ, ಪೆಟ್ಟಿಗೆ ತೆಗೆದು ಗೂಡು ಹಾಕಿದ. ಖುಷಿಯಲ್ಲಿ ಒಂದೇ ಉಸಿರಿಗೆ ನಾಲ್ಕೂ ಚೌಕ ಬರೆದ.

ಮೊದಲ ಚೌಕದಲ್ಲಿ ಗಡ್ಡದ ವಿಜ್ಞಾನಿಯೊಬ್ಬ ರೈತನಿಗೆ ಹೇಳುತ್ತಾನೆ: “ಈ ಗೂಡಿನೊಳಗಿನ ಹುಳು ಬದುಕೂ ಇದೆ, ಸತ್ತೂ ಇದೆ.” ಎರಡನೆಯದರಲ್ಲಿ ರೈತ, “ಇದೇನು ಸ್ವಾಮಿ ಹೊಸದು?” ಎನ್ನುತ್ತಾನೆ. “ಇದಕ್ಕೆ ಶ್ರೋಡಿಂಗರ್ ಅಂತಾರೆ” ಎಂದು ಉತ್ತರ. ಮೂರನೆಯದರಲ್ಲಿ ರೈತ, “ತೆರೆದು ನೋಡಲಾ?” ಎಂದರೆ ವಿಜ್ಞಾನಿ, “ಬೇಡ. ನೋಡಿದ ಕ್ಷಣವೇ ಹುಳುವಿನ ಗತಿ ತೀರ್ಮಾನವಾಗಿಬಿಡುತ್ತದೆ” ಎನ್ನುತ್ತಾನೆ. ನಾಲ್ಕನೆಯದರಲ್ಲಿ ಗೂಡಿನೊಳಗಿಂದ ಹುಳು ಕೂಗುತ್ತದೆ: “ಬೇಗ ನೋಡಿ ಹೇಳ್ರಪ್ಪ, ಇದೀನೋ ಇಲ್ವೋ ಅಂತ ನನಗೂ ಗೊತ್ತಾಗ್ಬೇಕು.”

ಸ್ಟೇಟಸ್ಸಿಗೆ ಹಾಕಿ ಭಾನುಪ್ರಕಾಶ ನೆಮ್ಮದಿಯಾಗಿ ಮುದ್ದೆ ಉಂಡ.

ಜಂಗಮಕೋಟೆಯಲ್ಲಿ ಅವನ ಮಾವನ ಮನೆಯ ಪಕ್ಕದಲ್ಲಿ ಆವಲಪ್ಪ ಎಂಬವರಿದ್ದರು. ಹುಳು ಸಾಕುವವರು, ಬಂದ ಸುದ್ದಿಯನ್ನು ಬಂದ ಬಿಸಿಯಲ್ಲೇ ಮುಂದೆ ಕಳಿಸುವುದು ಅವರ ಸ್ವಭಾವ. ಭಾನುವಿನ ಸ್ಟೇಟಸ್ ನೋಡಿ ಅವರು ಸ್ಕ್ರೀನ್‌ಶಾಟ್ ಹೊಡೆದರು. ಆವಲಪ್ಪನವರ ಫೋನು ಚಿಕ್ಕದು, ಅಕ್ಷರ ದೊಡ್ಡದು. ಮೂರು ಚೌಕ ಹಿಡಿಯಿತು, ನಾಲ್ಕನೆಯದು ಹಿಡಿಯಲಿಲ್ಲ. ಅದನ್ನು ಹುಳು ಸಾಕುವವರ ಗುಂಪಿಗೆ ಕಳಿಸಿ, ಕೆಳಗೆ ಧ್ವನಿಯನ್ನೂ ಸೇರಿಸಿದರು: “ಅಣ್ಣೋ, ಉಷಾರು. ಹುಳಕ್ಕೆ ಹೊಸ ರೋಗ ಬಂದೈತಂತೆ. ಸ್ರೋಡಿಂಗರು ಅಂತ. ಬಾಗ್ಲು ತೆಗ್ದು ನೋಡಿದ್ರೆ ಹುಳು ಗತಿ ಮುಗೀತಂತೆ. ನಮ್ಮ ವೆಂಕಟರವಣಪ್ಪನ ಅಳಿಯ ಹಾಕವ್ನೆ, ಓದಿರೋ ಹುಡುಗ.”

ಸೋಮವಾರ ಬೆಳಗಾಗುವಷ್ಟರಲ್ಲಿ ಶ್ರೋಡಿಂಗರ್ ಶಿಡ್ಲಘಟ್ಟ ತಾಲ್ಲೂಕನ್ನು ದಾಟಿತ್ತು. ಚಿಂತಾಮಣಿ ಮುಟ್ಟುವಾಗ ಅದರ ಹೆಸರು ಸವೆದು ‘ಸೋಡಾ ಜಿಂಜರ್’ ಆಗಿ, ಅಲ್ಲಿ ಶುಂಠಿ ಸೋಡಾ ಮಾರುವವರ ಕಡೆ ಗಿರಾಕಿಗಳು ತಿರುಗಿ ನೋಡದಂತಾಯಿತು.

ಭಾನುಪ್ರಕಾಶ ಅಂಗಡಿಯ ಬಾಗಿಲು ಎತ್ತುವ ಮೊದಲೇ ಫೋನು ಬಂತು.

“ಸಾರ್, ನಾನು ಸಾದಲಿಯಿಂದ ಎರ್ರಪ್ಪ ಅಂತ. ಈ ಸ್ರೋಡಿಂಗರು ನಿಮ್ದೇನಾ?”

ಭಾನುಪ್ರಕಾಶನ ಎದೆ ಉಬ್ಬಿತು. “ನಂದೇ. ಹೇಳಿ.”

“ನಮ್ಮೂರಿಗೂ ಬಂದೈತೆ ಸಾರ್.”

“ಬರ್ಲಿ ಬರ್ಲಿ. ಎಲ್ಲಾ ಕಡೆ ಹರಡ್ಲಿ ಅಂತಾನೇ ನಾನು ಬಿಟ್ಟಿರೋದು.”

“ಇನ್ನೂ ಎಲ್ಲಿಗೆಲ್ಲಾ ಹೋಗ್ತದೆ ಸಾರ್?”

“ಗೌರಿಬಿದನೂರಿಗೆ ಆಗ್ಲೇ ಹೋಗಿರುತ್ತೆ, ಅಲ್ಲಿ ನಮ್ಮೋರೊಬ್ರು ಇದಾರೆ. ಹಿಂದೂಪುರ ಮುಟ್ಟಿದ್ರೂ ಆಶ್ಚರ್ಯ ಇಲ್ಲ. ಒಂದ್ಸಲ ಹತ್ಕೊಂಡ್ರೆ ಮುಗೀತು, ಮನೆಮಂದಿಗೆಲ್ಲಾ ಅಂಟುತ್ತೆ.”

“ನಿಲ್ಸಕ್ಕಾಗಲ್ವಾ ಸಾರ್?”

“ಯಾರ ಕೈಲೂ ಆಗಲ್ಲ. ನೀವು ನೋಡ್ತಾ ಇರಿ ಎರ್ರಪ್ಪನೋರೆ, ಮುಂದಿನ ವಾರ ಇದಕ್ಕಿಂತ ಜೋರಾಗಿರೋದು ಒಂದು ಬಿಡ್ತೀನಿ. ಹಸುಗಳದ್ದು.”

ಎರ್ರಪ್ಪ ಫೋನ್ ಇಟ್ಟ. ಅವನ ಫೋನು ಎಲ್ಲ ಮಾತನ್ನೂ ತಾನಾಗಿ ರೆಕಾರ್ಡ್ ಮಾಡಿಕೊಳ್ಳುವ ಜಾತಿಯದು. ಮಧ್ಯಾಹ್ನದೊಳಗೆ ಜಿಲ್ಲೆಯ ಹುಳು ಸಾಕುವವರೆಲ್ಲ, ಹಾಲಿನ ಡೇರಿಯವರೆಲ್ಲ, ಶಿಡ್ಲಘಟ್ಟದ ಫ್ಲೆಕ್ಸ್ ಅಂಗಡಿಯವನೊಬ್ಬ ರೋಗ ಬಿಡುತ್ತಿರುವುದನ್ನು ಅವನ ಬಾಯಿಂದಲೇ ಕೇಳಿದರು.

ಇದೊಂದೂ ತಿಳಿಯದ ಭಾನುಪ್ರಕಾಶ ಅಕ್ಕಪಕ್ಕದ ಅಂಗಡಿಗಳಿಗೆ ಮೈಸೂರು ಪಾಕ್ ಹಂಚುತ್ತಿದ್ದ. “ವೈರಲ್ ಆಗೋದೆ” ಎಂದು ಎಲ್ಲರಿಗೂ ಹೇಳಿದ. ಚಪ್ಪಲಿ ಅಂಗಡಿಯವರು ಪಾಪ, ಮಾತ್ರೆ ತಗೊಂಡ್ಯಾ ಎಂದು ವಿಚಾರಿಸಿದರು. ಅಷ್ಟರಲ್ಲಿ ಅತ್ತೆ ಕೊಂಡಮ್ಮನ ಫೋನು.

“ಅಳಿಯಂದ್ರೇ, ಊರ್ತುಂಬ ನಿಮ್ದೇ ಮಾತು. ಎಲ್ಲಾ ನಮ್ಮನೆ ಮುಂದೆ ಸೇರವ್ರೆ. ನಿಮ್ಮನ್ನ ಕರೆಸು, ಕಣ್ಣಾರ ನೋಡ್ಬೇಕು ಅಂತಾವ್ರೆ. ತನೂನೂ ಕರ್ಕೊಂಡು ಬೇಗ ಬನ್ನಿ.”

ಕೊಂಡಮ್ಮನ ದನಿ ನಡುಗುತ್ತಿತ್ತು. ಅದು ಆನಂದದ ನಡುಕವೆಂದು ಅಳಿಯ ತಿಳಿದ. ಸನ್ಮಾನಕ್ಕೆ ಹೋಗುವಾಗ ಬರಿಗೈಯಲ್ಲಿ ಹೋಗುವುದು ಸರಿಯಲ್ಲವೆಂದು ತನಗೆ ತಾನೇ ಒಂದು ಫ್ಲೆಕ್ಸ್ ಹೊಡೆದುಕೊಂಡ. ‘ಜಂಗಮಕೋಟೆಯ ಹೆಮ್ಮೆಯ ಅಳಿಯ, ಶ್ರೋಡಿಂಗರ್ ಖ್ಯಾತಿಯ ಭಾನುಪ್ರಕಾಶ್ ಅವರಿಗೆ ಸ್ವಾಗತ.’ ಕೈಮುಗಿದ ಫೋಟೋ. ಶಾಲೆಯಿಂದ ಅರ್ಧ ದಿನ ರಜೆ ಹಾಕಿ ಬಂದ ತನುಜಳ ಕೈಗೆ ಆ ಸುರುಳಿ ಕೊಟ್ಟು ಬೈಕಿನ ಹಿಂದೆ ಕೂರಿಸಿಕೊಂಡ.

“ರೀ, ಅಮ್ಮ ಸರಿಯಾಗಿ ಏನಂದ್ರು?” ಎಂದು ತನುಜ ದಾರಿಯುದ್ದಕ್ಕೂ ಕೇಳಿದಳು.

“ಕಣ್ಣಾರ ನೋಡ್ಬೇಕಂತೆ ಕಣೇ” ಎಂದು ಅವನು ದಾರಿಯುದ್ದಕ್ಕೂ ಹೇಳಿದ.

ಜಂಗಮಕೋಟೆಯ ಊರಬಾಗಿಲಿಗೆ ಬಂದಾಗ ರಸ್ತೆಗೆ ಅಡ್ಡಲಾಗಿ ಬೆಳ್ಳಗೆ ಪುಡಿ ಹಾಕಿತ್ತು. “ರಂಗೋಲಿನೂ ಹಾಕವ್ರೆ” ಎಂದ ಭಾನುಪ್ರಕಾಶ. ಅದು ಸುಣ್ಣ ಬೆರೆಸಿದ ಬ್ಲೀಚಿಂಗ್ ಪೌಡರು. ಬೈಕನ್ನು ನಿಲ್ಲಿಸಿ, ಚಕ್ರಗಳಿಗೂ ಸವಾರರಿಗೂ ಔಷಧಿ ಹೊಡೆಯುವ ಡಬ್ಬಿಯಿಂದ ಏನನ್ನೋ ಚಿಮುಕಿಸಿದರು. ಪನ್ನೀರಿಗೆ ಇಂಥ ವಾಸನೆ ಇರುವುದಿಲ್ಲವಲ್ಲ ಎಂಬ ಸಂಶಯ ಅವನಿಗೆ ಆಗ ಮೊದಲ ಸಲ ಬಂತು. ಅಷ್ಟರಲ್ಲಿ ಗಾಳಿಗೆ ಸುರುಳಿ ಬಿಚ್ಚಿಕೊಂಡು, ಹೆಮ್ಮೆಯ ಅಳಿಯ ಕೈಮುಗಿದುಕೊಂಡು ಜನರ ಮುಂದೆ ಹರಡಿಕೊಂಡ.

“ಇವ್ನೇ ಕಣ್ರೋ” ಎಂದಿತು ಗುಂಪು.

ಮಾವನ ಮನೆಯ ಮುಂದೆ ನಿಲ್ಲಲು ಜಾಗವಿರಲಿಲ್ಲ. ಮಾವ ವೆಂಕಟರವಣಪ್ಪ ಹುಳುಮನೆಯ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಉಡುದಾರಕ್ಕೆ ಕಟ್ಟಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಕಿಟಕಿಗಳಿಗೆಲ್ಲ ಗೋಣಿ ಹೊಡೆದಿತ್ತು.

“ಏನಪ್ಪಾ ಭಾನು, ಮಗಳು ಕೊಟ್ಟೋರ ಮನೆಗೇ ಮೊದ್ಲು ಬಿಡ್ಬೇಕಾಗಿತ್ತಾ?” ಎಂದರು ಮೆತ್ತಗೆ.

“ಏನನ್ನ ಮಾವ?”

“ರೋಗಾನ.”

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ತನುಜ ಒಬ್ಬೊಬ್ಬರನ್ನೇ ಹಿಡಿದು ಕೇಳಿ, ಸುದ್ದಿಯ ತಲೆ ಬಾಲ ಕೂಡಿಸಿ ಗಂಡನ ಕಿವಿಗೆ ಹಾಕಿದಳು. ಭಾನುಪ್ರಕಾಶನ ಮುಖ ಸುಣ್ಣದ ಪುಡಿಯ ಬಣ್ಣಕ್ಕೆ ತಿರುಗಿತು. ಅವನ ಕಣ್ಣು ಬೀಗದ ಮೇಲೆ ಹೋಯಿತು. ಒಳಗೆ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗಳ ತುಂಬ ಹುಳು ಗೂಡು ಕಟ್ಟಿ ಮುಗಿದಿತ್ತು. ಬಿಡಿಸಿ ಮಾರುಕಟ್ಟೆಗೆ ಒಯ್ಯುವ ಹೊತ್ತು ಮೀರುತ್ತಿತ್ತು. ಹಾಗೇ ಬಿಟ್ಟರೆ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ತೆಗೆಯಲು ಬರುವುದಿಲ್ಲ. ಕೊಂಡಮ್ಮ ಮೊಮ್ಮಕ್ಕಳಂತೆ ನೋಡಿಕೊಂಡ ಬೆಳೆ, ಅಳಿಯನ ಜೋಕಿಗೆ ಹೆದರಿ ಕತ್ತಲಲ್ಲಿ ಕೂತಿತ್ತು. ಊರಿನ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಆವಲಪ್ಪನವರ ಹುಳು ಇನ್ನೂ ಸೊಪ್ಪು ತಿನ್ನುವ ಹಂತದಲ್ಲಿದ್ದುದರಿಂದ ಅವರು ಕಣ್ಣಿಗೆ ಟವೆಲ್ ಕಟ್ಟಿಕೊಂಡು ಒಳಗೆ ಹೋಗಿ ಸೊಪ್ಪು ಎರಚಿ ಬಂದಿದ್ದರು. ಅರ್ಧ ಸೊಪ್ಪು ಹುಳುವಿಗೆ, ಅರ್ಧ ಗೋಡೆಗೆ.

ಭಾನುಪ್ರಕಾಶ ಕಲ್ಲಿನ ಮೇಲೆ ಹತ್ತಿ ನಿಂತ. “ನೋಡಿ, ಅದು ರೋಗ ಅಲ್ಲ. ಜೋಕು.”

ಗುಂಪು ಗಂಭೀರವಾಗಿ ಯೋಚಿಸಿತು.

“ಜೋಕಾದ್ರೆ ನಗು ಬರ್ಬೇಕಿತ್ತಲ್ಲಪ್ಪ” ಎಂದರು ಆವಲಪ್ಪ. “ನಾವು ಇಷ್ಟು ಜನ ಓದಿದೀವಿ. ಒಬ್ರಿಗಾದ್ರೂ ಬಂತಾ?”

ಯಾರಿಗೂ ಬಂದಿರಲಿಲ್ಲ. ಈ ಪುರಾವೆಗೆ ಎದುರು ಹೇಳುವುದು ಕಷ್ಟವಾಯಿತು. ಭಾನುಪ್ರಕಾಶ ಫೋನು ತೆಗೆದು ನಾಲ್ಕನೇ ಚೌಕ ತೋರಿಸಿದ. “ಇಲ್ನೋಡಿ, ನೀವು ಇದನ್ನ ಬಿಟ್ಬಿಟ್ಟಿದೀರಿ. ಹುಳು ಮಾತಾಡ್ತಾ ಇದೆ.”

ಆವಲಪ್ಪ ಕನ್ನಡಕ ಏರಿಸಿ ನೋಡಿದರು. “ಇದು ಈಗ ಸೇರ್ಸಿರೋದು. ನನ್ನ ಫೋಟೋ ಮಂತ್ರಿಗಳ ಭುಜದ ಮೇಲೆ ಕೈ ಹಾಕ್ದಂಗೆ ಕೂರ್ಸಿ ಫ್ಲೆಕ್ಸ್ ಮಾಡ್ಕೊಟ್ಟೋನು ನೀನೇ ತಾನೆ? ನಿನಗೆ ಒಂದು ಚೌಕ ಸೇರ್ಸೋದು ಯಾವ ಲೆಕ್ಕ.”

ಆಗ ಭಾನುಪ್ರಕಾಶ ಮಾಡಬಾರದ ಕೆಲಸ ಮಾಡಿದ. ಜೋಕಿನ ಅರ್ಥ ಬಿಡಿಸಿ ಹೇಳಲು ಹೊರಟ. “ಶ್ರೋಡಿಂಗರ್ ಅಂದ್ರೆ ಒಬ್ಬ ದೊಡ್ಡ ವಿಜ್ಞಾನಿ. ಅವರು ಒಂದು ಪೆಟ್ಟಿಗೇಲಿ ಬೆಕ್ಕು ಇಡ್ತಾರೆ. ಪಕ್ಕದಲ್ಲಿ ಒಂಚೂರು ವಿಷ...”

“ವಿಷಾನಾ?”

“ಬರೀ ಊಹೆಗೆ.”

“ಬೆಕ್ಕಿಗೂ ಬರ್ತದಾ?” ಎಂದು ಹಿಂದಿನಿಂದ ಒಬ್ಬಾಕೆ ಕೇಳಿ, ಉತ್ತರಕ್ಕೂ ಕಾಯದೆ “ಅಯ್ಯೋ ದೇವುಡಾ” ಎನ್ನುತ್ತ ಮನೆ ಕಡೆ ಓಡಿದಳು. ತನುಜ ಗಂಡನ ಅಂಗಿ ಹಿಡಿದು ಕಲ್ಲಿನಿಂದ ಕೆಳಗಿಳಿಸಿದಳು.

ಅಷ್ಟರಲ್ಲಿ ಜೀಪು ಬಂತು. ಇಳಿದವರು ರೇಷ್ಮೆ ಅಧಿಕಾರಿ ಸುನೀಲ್‌ಕುಮಾರ್. ಬೆಳಗಿನಿಂದ ಅವರಿಗೆ ಬಂದ ಫೋನುಗಳಿಗೆ ಮಿತಿಯಿರಲಿಲ್ಲ. ಶ್ರೋಡಿಂಗರ್ ಎಂಬ ರೋಗದ ಹೆಸರನ್ನು ಅವರು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಅಭ್ಯಾಸವೂ ಅವರಿಗಿರಲಿಲ್ಲ. ಆದ್ದರಿಂದ ಆಗಲೇ, ಜೀಪಿನಲ್ಲಿ ಜೊತೆಗೇ ಬಂದಿದ್ದ ಒಬ್ಬ ಯೂಟ್ಯೂಬ್ ಚಾನೆಲ್‌ನವನಿಗೆ, “ಶ್ರೋಡಿಂಗರ್ ಸಂಪೂರ್ಣ ನಿಯಂತ್ರಣದಲ್ಲಿದೆ” ಎಂದು ಹೇಳಿಯಾಗಿತ್ತು.

ಭಾನುಪ್ರಕಾಶ ದೇವರು ಬಂದಷ್ಟು ಸಂಭ್ರಮದಿಂದ ಓಡಿಹೋದ. “ಸಾರ್, ನೀವಾದ್ರೂ ಹೇಳಿ. ಇಂಥ ರೋಗ ಇಲ್ಲ ಅಂತ.”

ಸುನೀಲ್‌ಕುಮಾರ್ ಚಾನೆಲ್‌ನವನ ಕ್ಯಾಮೆರಾ ಕಡೆ ನೋಡಿದರು. “ಇಲ್ಲ ಅಂತ ಹೆಂಗ್ರಿ ಹೇಳೋದು? ನಿಯಂತ್ರಣದಲ್ಲಿದೆ ಅಂತ ಹೇಳಿದೀನಿ. ಇಲ್ದೇ ಇರೋದನ್ನ ನಿಯಂತ್ರಣ ಮಾಡಕ್ಕಾಗುತ್ತಾ?”

“ಸಾರ್, ಅದು ನಾನೇ ಬರೆದ ಜೋಕು.”

“ಇರಬಹುದು. ವರದಿ ಬರಲಿ. ಅಲ್ಲಿವರೆಗೂ ಯಾರೂ ಬಾಗಿಲು ತೆಗೀಬೇಡಿ.”

“ವರದಿ ಬರೋ ಹೊತ್ಗೆ ಚಿಟ್ಟೆ ಬರ್ತದೆ ಸಾರ್” ಎಂದರು ಕೊಂಡಮ್ಮ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಅಳಿಯ ನೋಡಿದ.

ಅದನ್ನು ನೋಡಿದ್ದೇ ತಡ, ಅವನಿಗೆ ಎಲ್ಲಿಲ್ಲದ ಆವೇಶ ಬಂತು. ಮಾವನ ಮುಂದೆ ಕೂತು ಕೈಮುಗಿದು ಕೀಲಿ ಕೇಳಿದ. ವೆಂಕಟರವಣಪ್ಪ ಮಗಳ ಮುಖ ನೋಡಿದರು. ತನುಜ ತಲೆಯಾಡಿಸಿದಳು. ಕೀಲಿ ಸಿಕ್ಕಿತು. ಭಾನುಪ್ರಕಾಶ ಒಳಗೆ ನುಗ್ಗಿ, ಚಂದ್ರಿಕೆಯಿಂದ ಎರಡು ಗೂಡು ಕಿತ್ತು, ಹೊರಗೆ ತಂದು ಒಂದನ್ನು ಜೇಬಿನಲ್ಲಿದ್ದ ಫ್ಲೆಕ್ಸ್ ಕತ್ತರಿಸುವ ಬ್ಲೇಡಿನಿಂದ ಎಲ್ಲರೆದುರು ಕೊಯ್ದ. ಒಳಗಿದ್ದ ಕಂದು ಹುಳು ಅಂಗೈಯಲ್ಲಿ ಮಿಸುಕಾಡಿತು.

“ನೋಡಿ, ಬದುಕಿದೆ” ಎಂದ.

ಗುಂಪು ಹತ್ತಿರ ಬಂದು ನೋಡಿತು. ಎಲ್ಲರ ಮುಖವೂ ಸಡಿಲವಾಯಿತು. ಇನ್ನೇನು ಮುಗಿಯಿತು ಎನ್ನುವಾಗ ವೆಂಕಟರವಣಪ್ಪ ನಿಧಾನವಾಗಿ ಕೇಳಿದರು:

“ಇದು ಸರಿ. ನೋಡಿದ್ಕೆ ಬದುಕಿದೆ ಅಂತ ತೀರ್ಮಾನ ಆಯ್ತು. ನೋಡ್ದೆ ಇರೋವು?”

“ಅವೂ ಬದುಕಿರ್ತವೆ ಮಾವ.”

“ನೋಡ್ದೆ ಹೆಂಗಪ್ಪ ಹೇಳ್ತೀಯ? ನೋಡೋವರ್ಗೂ ಎರಡೂ ಅಂತ ನೀನೇ ಬರ್ದಿದೀಯಲ್ಲ.”

ಬಿ.ಎಸ್ಸಿ.ಯಲ್ಲಿ ಅವನಿಗೆ ಅರ್ಥವಾಗದೆ ಉಳಿದ ಪಾಠವನ್ನು ಮಾವ ಹುಳುಮನೆಯ ಜಗುಲಿಯ ಮೇಲೆ ಕೂತು ಅರ್ಥ ಮಾಡಿಕೊಂಡುಬಿಟ್ಟಿದ್ದರು. “ಹಂಗಾದ್ರೆ ಎಲ್ಲಾನೂ ಕೊಯ್ದು ನೋಡ್ಬಿಡಣ” ಎಂದರು ಆವಲಪ್ಪ. ನಾಲ್ಕಾರು ಮಂದಿ ಬ್ಲೇಡು ತರಲು ಅಂಗಡಿ ಕಡೆ ಹೊರಟೇಬಿಟ್ಟರು. ಕೊಯ್ದ ಗೂಡಿಗೂ ತೂತಾದ ಗೂಡಿಗೂ ವ್ಯತ್ಯಾಸವೇನೂ ಇಲ್ಲ, ಬೆಳೆ ಹೋದಂತೆಯೇ.

ತನುಜ ಗಂಡನನ್ನು ಪಕ್ಕಕ್ಕೆ ಎಳೆದಳು. “ರೀ, ಅವ್ರಿಗೆ ಜೋಕು ಬೇಡ. ರೋಗ ಇದೆ ಅಂತ ನಂಬಿರೋರಿಗೆ ರೋಗ ಇಲ್ಲ ಅಂದ್ರೆ ಸಿಟ್ಟು ಬರುತ್ತೆ. ಔಷಧಿ ಕೊಡಿ.”

“ಯಾವ ಔಷಧಿನೇ?”

“ಯಾವ್ದೋ ಒಂದು. ನಂಗೆ ಇಷ್ಟು ದಿನ ಪಾಠ ಮಾಡಿದೀರಲ್ಲ, ಈಗ ಮಾಡಿ.”

ಭಾನುಪ್ರಕಾಶ ಮತ್ತೆ ಕಲ್ಲು ಹತ್ತಿದ. ಏನು ಹೇಳಬೇಕೆಂದು ತಿಳಿಯದೆ ಕೈಯಲ್ಲಿದ್ದ ಇನ್ನೊಂದು ಗೂಡನ್ನು ಗಾಬರಿಯಲ್ಲಿ ಅಲ್ಲಾಡಿಸುತ್ತಿದ್ದ. ಒಳಗೆ ಲೊಟಕ್ ಲೊಟಕ್ ಎಂದಿತು. ಮಾರುಕಟ್ಟೆಯಲ್ಲಿ ಕೊಳ್ಳುವವರು, ಒಳಗಿನ ಹುಳು ಚೆನ್ನಾಗಿದೆಯೇ ಎಂದು ತಿಳಿಯಲು, ಗೂಡನ್ನು ಕಿವಿಯ ಹತ್ತಿರ ಹಿಡಿದು ಹೀಗೇ ಅಲ್ಲಾಡಿಸುವುದನ್ನು ಅವನು ದಿನಾ ಕಂಡವನು. ತಟ್ಟನೆ ಅವನ ದನಿಗೆ ವಿಜ್ಞಾನಿಯ ಗಡಸು ಬಂತು.

“ಕೇಳಿ. ಶ್ರೋಡಿಂಗರ್‌ಗೆ ಪರಿಹಾರ ಇದೆ. ಅದು ಕಣ್ಣಿಗೆ ಮಾತ್ರ ಹೆದರೋದು, ಕಿವಿಗಲ್ಲ. ಕಣ್ಣು ಮುಚ್ಕೊಂಡು ಒಳಗೆ ಹೋಗಿ. ಒಂದೊಂದು ಚಂದ್ರಿಕೆಯಿಂದ ಒಂದು ಗೂಡು ತೆಗೆದು ಕಿವಿ ಹತ್ರ ಅಲ್ಲಾಡ್ಸಿ. ಸದ್ದು ಬಂದ್ರೆ ಆ ಚಂದ್ರಿಕೆಗೆ ತೀರ್ಮಾನ ಆಯ್ತು ಅಂತ ಅರ್ಥ. ಆಮೇಲೆ ಕಣ್ಣು ಬಿಟ್ಟು ಬಿಡಿಸ್ಕೊಂಡು ಇವತ್ತೇ ಮಾರ್ಕೆಟ್‌ಗೆ ಕಟ್ಟಿ. ತಡ ಮಾಡಿದ್ರೆ ಮತ್ತೆ ಹಿಡ್ಕೊಳ್ಳುತ್ತೆ.”

“ಇದನ್ನೇ ನಾನೂ ಹೇಳ್ಬೇಕು ಅಂತಿದ್ದೆ” ಎಂದರು ಸುನೀಲ್‌ಕುಮಾರ್ ಕ್ಯಾಮೆರಾಕ್ಕೆ.

“ಹಿಂಗೆ ಬಿಡಿಸಿ ಹೇಳ್ಬೇಕಪ್ಪ” ಎಂದು ಆವಲಪ್ಪ ಮೆಚ್ಚಿದರು. “ಅದು ಬಿಟ್ಟು ಜೋಕು, ಬೆಕ್ಕು ಅಂತ ಏನೇನೋ ಮಾತಾಡ್ತಿದ್ದೆ.”

ಆ ಸಂಜೆ ಜಂಗಮಕೋಟೆಯ ಹುಳುಮನೆಗಳಲ್ಲಿ ಕಣ್ಣು ಮುಚ್ಚಿಕೊಂಡ ಗಂಡಸರು ಹೆಂಗಸರು ಗೂಡುಗಳನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದ ನೋಟ ವರ್ಣಿಸಲು ಬಾರದು. ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು, ಚಂದ್ರಿಕೆಯೊಂದು ಬೋರಲಾಯಿತು. “ನಂದು ತೀರ್ಮಾನ ಆಯ್ತು”, “ನಂದೂ ಆಯ್ತು” ಎಂಬ ಕೂಗು ಮನೆಯಿಂದ ಮನೆಗೆ ಹೋಯಿತು. ಭಾನುಪ್ರಕಾಶ ಸನ್ಮಾನಕ್ಕೆಂದು ಹಾಕಿಕೊಂಡು ಬಂದ ಹೊಸ ಅಂಗಿಯಲ್ಲೇ ಅತ್ತೆಯ ಪಕ್ಕ ಕೂತು ಗೂಡು ಬಿಡಿಸಿದ, ಮಾವನ ಜೊತೆ ಟೆಂಪೋಗೆ ಮೂಟೆ ಹೊತ್ತ. ಮರುದಿನ ಮಾರುಕಟ್ಟೆಯಲ್ಲಿ ಗೂಡು ಮಾರಾಟವಾದ ಮೇಲೆಯೇ ವೆಂಕಟರವಣಪ್ಪ ಅಳಿಯನ ಬೆನ್ನು ತಟ್ಟಿದರು. “ಏನೇ ಆಗ್ಲಿ, ಬಿಟ್ಟೋನೇ ಹಿಡಿದ್ಯಲ್ಲ” ಎಂದರು.

ಊರು ಸುಮ್ಮನಿರಲಿಲ್ಲ. ರೋಗ ನಿವಾರಿಸಿದವನಿಗೆ ಶಾಲೆಯ ಮೈದಾನದಲ್ಲಿ ಸನ್ಮಾನ ಇಟ್ಟರು. ಸುನೀಲ್‌ಕುಮಾರ್ ಅಧ್ಯಕ್ಷತೆ. ಸಾದಲಿಯಿಂದ ಎರ್ರಪ್ಪನೂ ಬಂದು, ಹಸುಗಳದ್ದನ್ನು ದಯವಿಟ್ಟು ಬಿಡಬಾರದೆಂದು ಕೇಳಿಕೊಂಡ. ಶಾಲು, ಹಾರ, ಹಣ್ಣಿನ ಬುಟ್ಟಿ. ಶಾಲಿನ ಕೆಳಗೆ ಭಾನುಪ್ರಕಾಶ ಬೆವರುತ್ತಿದ್ದ. ಇಲ್ಲದ ರೋಗವನ್ನು ವಾಸಿ ಮಾಡಿದ ಕೀರ್ತಿ ಅವನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಏನಾದರಾಗಲಿ, ನಿಜ ಹೇಳಿಬಿಡುವುದೇ ಸರಿ ಎಂದು ಹೆಂಡತಿಗೆ ಹೇಳಿಯೇ ಮೈಕಿನ ಮುಂದೆ ಬಂದ.

“ಬಂಧುಗಳೇ, ನನ್ನನ್ನ ಕ್ಷಮಿಸ್ಬೇಕು. ಶ್ರೋಡಿಂಗರ್ ಅನ್ನೋ ರೋಗ ಇರ್ಲೇ ಇಲ್ಲ.”

ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

“ಅದು ನಾನು ಬರೆದ ಜೋಕು. ನೀವೆಲ್ಲಾ ಕಣ್ಣು ಮುಚ್ಕೊಂಡು ಗೂಡು ಅಲ್ಲಾಡಿಸಿದ್ದು ಸುಮ್ನೆ.”

ಮೊದಲು ನಕ್ಕವರು ಆವಲಪ್ಪ. ಆಮೇಲೆ ಮುಂದಿನ ಸಾಲು, ಆಮೇಲೆ ಹಿಂದಿನ ಸಾಲು, ಆಮೇಲೆ ಕಾಂಪೌಂಡಿನ ಮೇಲೆ ಕೂತವರು. “ಎಷ್ಟು ಚೆಂದಾಗಿ ಮಾತಾಡ್ತಾನೆ ನೋಡು, ಮುಖದ ಮೇಲೆ ಒಂಚೂರೂ ನಗು ಇಲ್ಲ” ಎಂದು ಕೊಂಡಮ್ಮ ಸೆರಗು ಬಾಯಿಗೆ ಹಿಡಿದರು. ಎರ್ರಪ್ಪ ಪಕ್ಕದವನ ತೊಡೆ ಬಡಿದ. ಸುನೀಲ್‌ಕುಮಾರ್ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕರು.

“ನಿಜವಾಗ್ಲೂ” ಎಂದ ಭಾನುಪ್ರಕಾಶ.

ಶಾಮಿಯಾನ ಹಾರಿಹೋಗುವಂಥ ನಗು ಎದ್ದಿತು. ಜನ ಕಣ್ಣೊರೆಸಿಕೊಂಡರು, ಹೊಟ್ಟೆ ಹಿಡಿದುಕೊಂಡರು. ಇನ್ನೊಂದು ಮಾತು ಗಟ್ಟಿಯಾಗಿ ಹೇಳಿದ್ದರೆ ಬಹುಶಃ ಎಲ್ಲರಿಗೂ ತಿಳಿಯುತ್ತಿತ್ತು. ತನುಜ ಮುಂದಿನ ಸಾಲಿನಿಂದ ಅವನನ್ನೇ ನೋಡುತ್ತಿದ್ದಳು. ಭಾನುಪ್ರಕಾಶ ಮೈಕನ್ನು ಪಕ್ಕಕ್ಕೆ ಸರಿಸಿದ, ಶಾಲು ಸರಿಮಾಡಿಕೊಂಡ, ಕೈಮುಗಿದ, ಹೋಗಿ ತನ್ನ ಕುರ್ಚಿಯಲ್ಲಿ ಕೂತ. ಬಾಳಿನಲ್ಲಿ ಮೊದಲ ಸಲ ತನ್ನ ಮಾತಿಗೆ ನಗುತ್ತಿರುವ ಸಭೆಯನ್ನು ಕೆಡಿಸುವಷ್ಟು ದೊಡ್ಡ ವಿಜ್ಞಾನಿ ಅವನಾಗಿರಲಿಲ್ಲ.